ಮುದುಕಿ ಮರದ ಮೂಡಣ ಮಗ್ಗುಲು

ಶನಿವಾರ ಬಂತೆಂದರೆ ಹುಹಾನಾಳಿಗೆ ಬೆಳಗ್ಗೆಯೇ ಪಿತ್ತ ನೆತ್ತಿಗೇರುತ್ತಿತ್ತು. ಮರ ನೋಡುವವರ ದಂಡು ಬರುವುದು ಶನಿವಾರವೇ. ಆಕ್ಲೆಂಡಿನಿಂದ ನಾಲ್ಕು ತಾಸು ಕಾರು ಓಡಿಸಿ, ಕೊನೆಯ ಮೂವತ್ತು ಕಿಲೋಮೀಟರು ಜಲ್ಲಿ ರಸ್ತೆಯಲ್ಲಿ ಸೊಂಟದ ಕೀಲು ಸಡಿಲ ಮಾಡಿಕೊಂಡು ಬಂದವರಿಗೆ ಕಾಡಿನ ಬಾಯಲ್ಲಿ ಮೊದಲು ಕಾಣುವುದು ಮರವಲ್ಲ, ಇವಳು. ಅರವತ್ತಾರು ವರ್ಷದ ದಪ್ಪ ಹೆಂಗಸು, ಗದ್ದದ ಮೇಲೆ ಹಸಿರು ಹಚ್ಚೆ, ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ಬೂಟು ಉಜ್ಜುವ ಬ್ರಷ್ಷು. ಬೆನ್ನ ಹಿಂದೆ ಬೀಗ ಜಡಿದ ಕಬ್ಬಿಣದ ಗೇಟು.

"ಮುಚ್ಚಿದೆ."

"ಎಷ್ಟು ಗಂಟೆಗೆ ತೆಗೀತೀರ?"

"ನಿಮ್ಮ ಮೊಮ್ಮಕ್ಕಳ ಕೈಲಿ ಕೇಳಿಸಿ, ಹೇಳ್ತೀನಿ."

"ಮೇಡಂ, ನಾವು ಜರ್ಮನಿಯಿಂದ ಬಂದಿದೀವಿ. ಬರೀ ಒಂದು ಫೋಟೋ."

"ಮರ ತಿನ್ನೋ ಈ ಕೊಳೆರೋಗನೂ ಎಲ್ಲಿಂದಲೋ ಬಂದಿದ್ದೇ. ಅದನ್ನ ವಾಪಸ್ ಕಳಿಸೋಕೆ ನಮ್ಮ ಕೈಲಿ ಆಗ್ಲಿಲ್ಲ. ನಿಮ್ಮನ್ನ ಕಳಿಸೋಕಾಗುತ್ತೆ. ಕಾಲು ಇಲ್ಲಿ ಕೊಡಿ."

ವಾಪಸು ಹೋಗುವವರ ಬೂಟನ್ನೂ ಅವಳು ಉಜ್ಜದೆ ಬಿಡುತ್ತಿರಲಿಲ್ಲ. ಬಂದವರು ಎಂಥವರೇ ಇರಲಿ, ಒಂಟಿ ಕಾಲಲ್ಲಿ ನಿಂತು, ಕಾರಿನ ಬಾಗಿಲು ಹಿಡಿದುಕೊಂಡು, ಅವಳ ಕೈಗೆ ಪಾದ ಒಪ್ಪಿಸಬೇಕು. ಹೋದ ಬೇಸಿಗೆಯಲ್ಲಿ ಒಬ್ಬ ಪಾದ್ರಿ ಬಂದು ತಾನು ಪ್ರಾರ್ಥನೆಗೆ ಬಂದವನೆಂದಾಗ, ದೇವರಿಗೆ ಇಲ್ಲಿಂದಲೂ ಕೇಳುತ್ತದೆಂದು ಹೇಳಿ ಅವನ ಹಿಮ್ಮಡಿಗೂ ಮದ್ದಿನ ನೀರು ಹೊಡೆದಿದ್ದಳು.

ಗೇಟಿನಿಂದ ಮೂರು ತಾಸು ನಡೆದು, ಎರಡು ಹೊಳೆ ದಾಟಿ, ದಿಣ್ಣೆಯ ನೆತ್ತಿಗೆ ಏರಿದರೆ ಆ ಮರ. ಕೌರಿ ಜಾತಿಯದು. ಸಾವಿರ ವರ್ಷವಂತೂ ಆಗಿದೆ, ಎರಡು ಸಾವಿರ ಎನ್ನುವವರೂ ಇದ್ದಾರೆ. ಒಂಬತ್ತು ಜನ ಕೈಕೈ ಹಿಡಿದರೆ ಬುಡಕ್ಕೆ ಒಂದು ಸುತ್ತು ಬರುತ್ತದೆ. ಕಣಿವೆಯ ಮಾವೋರಿ ಜನ ಅದನ್ನು ಕುಯಿಯಾ ಎನ್ನುತ್ತಾರೆ, ಮುದುಕಿ ಎಂದು ಅರ್ಥ. ಹುಹಾನಾಳಿಗೆ ಹದಿನೇಳು ವರ್ಷವಾಗಿದ್ದಾಗ ಕಟ್ಟಿಗೆ ಕಂಪನಿಯ ಬುಲ್ಡೋಜರು ಆ ದಿಣ್ಣೆಗೆ ದಾರಿ ಕೊರೆಯಲು ಬಂದಿತ್ತು. ಅವಳೂ ಅವಳ ತಮ್ಮನೂ ಊರಿನ ಇಪ್ಪತ್ತು ಮಂದಿಯೂ ನಲವತ್ತು ದಿನ ರಸ್ತೆಗೆ ಅಡ್ಡ ಮಲಗಿದರು. ಪೊಲೀಸರು ಅವಳನ್ನು ಕೂದಲು ಹಿಡಿದು ಎಳೆದರು. ನೆತ್ತಿಯ ಮೇಲೆ ಅಂಗೈಯಗಲ ಜಾಗದಲ್ಲಿ ಇವತ್ತಿಗೂ ಕೂದಲಿಲ್ಲ. ಆಗಿನ ಶತ್ರುವಿಗೆ ಮುಖವಿತ್ತು, ಟೋಪಿಯಿತ್ತು, ಗಾಡಿಗೆ ನಂಬರಿತ್ತು, ಎದುರು ನಿಂತು ಉಗಿಯಬಹುದಿತ್ತು. ಈಗಿನ ಶತ್ರು ಒಂದು ಚಿಟಿಕೆ ಒದ್ದೆ ಮಣ್ಣಿನಲ್ಲಿ ಬರುತ್ತದೆ, ಕೌರಿಯ ಬೇರಿಗಿಳಿಯುತ್ತದೆ, ಮೂರೋ ಐದೋ ವರ್ಷ ಸದ್ದಿಲ್ಲದೆ ತಿನ್ನುತ್ತದೆ. ಆಮೇಲೆ ಬುಡದಲ್ಲಿ ಅಂಟು ಒಸರುತ್ತದೆ, ನೆತ್ತಿಯ ಎಲೆ ಹಳದಿಯಾಗುತ್ತದೆ, ಮರ ನಿಂತಲ್ಲೇ ಒಣಗುತ್ತದೆ. ಆಚೆ ಕಣಿವೆಯಲ್ಲಿ ಹಾಗೆ ಒಣಗಿದ ಮರಗಳು ನೂರಾರು, ಬಿಳಿ ಎಲುಬಿನ ಹಾಗೆ ಸಾಲಾಗಿ ನಿಂತಿವೆ.

ಅದಕ್ಕೇ ನಾಲ್ಕು ವರ್ಷದ ಹಿಂದೆ ಊರ ಹಿರಿಯರು ಸಭಾಮನೆಯಲ್ಲಿ ಕೂತು ಕಾಡಿಗೆ ರಾಹುಯಿ ಹಾಕಿದರು. ರಾಹುಯಿ ಬಿತ್ತೆಂದರೆ ಆ ಜಾಗಕ್ಕೆ ಯಾರೂ ಕಾಲಿಡುವಂತಿಲ್ಲ. ಸರಕಾರದ ಬೋರ್ಡನ್ನು ಹಾರಬಹುದು, ರಾಹುಯಿಯನ್ನು ಹಾರಿದವನು ಊರಿನ ಪಾಲಿಗೆ ಸತ್ತಂತೆ. ಎಲ್ಲರೂ ಎದ್ದು ನಿಂತು ಒಪ್ಪಿದರು. ಗೇಟಿನ ಕೀಲಿಯನ್ನು ಹುಹಾನಾಳ ಕೈಗಿಟ್ಟರು. ಇವಳಷ್ಟು ಕೆಟ್ಟ ಬಾಯಿ ಇನ್ಯಾರಿಗಿದೆ ಎಂದು ಎಂಬತ್ತೊಂದರ ತಾಮಾತಿ ಅಂಕಲ್ ಹೇಳಿದಾಗ ಸಭೆಯೆಲ್ಲ ನಕ್ಕಿತ್ತು, ಅವಳೂ ನಕ್ಕಿದ್ದಳು.

ಈ ವರ್ಷ ಏಪ್ರಿಲಿನಲ್ಲಿ ಮಣ್ಣು ಪರೀಕ್ಷೆಗೆ ಪ್ರಯೋಗಾಲಯದಿಂದ ಬ್ರಿಯೋನಿ ಎಂಬ ಬಿಳಿ ಹುಡುಗಿ ಬಂದಳು. ಹಿರಿಯರು ಅಪ್ಪಣೆ ಕೊಟ್ಟಿದ್ದರು, ದಾರಿ ತೋರಿಸಲು ಹುಹಾನಾ ಹೋಗಬೇಕಿತ್ತು. ಗೇಟಿನಲ್ಲಿ ಅವಳ ಬೂಟು ಮೂರು ಸಲ ಉಜ್ಜಿಸಿದಳು. ಚೀಲದ ತಳವನ್ನೂ ಉಜ್ಜಿಸಿದಳು.

"ನನ್ನ ಮೇಲೆ ಇಷ್ಟು ಅನುಮಾನ ಯಾಕೆ ಆಂಟಿ? ಈ ನಿಯಮ ಬರೆದವರಲ್ಲಿ ನಾನೂ ಒಬ್ಳು," ಅಂದಳು ಬ್ರಿಯೋನಿ.

"ನಿಯಮ ಬರೆದೋರ ಮೇಲೇ ನನಗೆ ಮೊದಲ ಅನುಮಾನ. ಆಂಟಿ ಅನ್ನಬೇಡ, ನಿನ್ನ ಅಪ್ಪನ ತಂಗಿ ಅಲ್ಲ ನಾನು."

ಮೂರು ತಾಸಿನ ದಾರಿ. ಜಾರುವ ಬೇರು, ಮೊಣಕಾಲಿಗೆ ಸಿಕ್ಕಿಕೊಳ್ಳುವ ಬಳ್ಳಿ, ಕತ್ತಿನೊಳಗೆ ಇಳಿಯುವ ತಣ್ಣನೆ ಹನಿ. ಆ ಕಾಡು ಯಾರನ್ನೂ ಬಾ ಎಂದು ಕರೆಯುವುದಿಲ್ಲ. ಎರಡನೇ ಹೊಳೆಯ ಆಚೆ ಕಟ್ಟಿದ ಹಗ್ಗವನ್ನು ದಾಟಿ ದಿಣ್ಣೆ ಹತ್ತಿದಾಗ ಎದುರಿಗೆ ಒಮ್ಮೆಲೇ ಗೋಡೆ. ಅದು ಮರ ಎಂದು ತಿಳಿಯಲು ಕಣ್ಣು ಎಡಕ್ಕೂ ಬಲಕ್ಕೂ ಹೊರಳಬೇಕು. ಬೂದಿ ಬಣ್ಣದ ಬೊಡ್ಡೆ, ಅರವತ್ತು ಅಡಿಯವರೆಗೆ ಒಂದು ಕೊಂಬೆಯಿಲ್ಲ. ಬಂದವರನ್ನು ಅದು ಲೆಕ್ಕಕ್ಕೇ ಇಟ್ಟಿರಲಿಲ್ಲ. ಹುಹಾನಾಳಿಗೆ ಅದರಲ್ಲಿ ಇಷ್ಟವಾಗುತ್ತಿದ್ದುದೇ ಅದು.

ಬ್ರಿಯೋನಿ ಸುತ್ತಲೂ ಎಂಟು ಕಡೆ ಪುಟ್ಟ ಬಾವುಟ ಚುಚ್ಚಿ ಮಣ್ಣು ತೆಗೆಯತೊಡಗಿದಳು. ಮೂಡಣ ಮಗ್ಗುಲಿಗೆ ಬಂದವಳು ನಿಂತಳು. ನೆಲದಿಂದ ಮೊಣಕಾಲೆತ್ತರದಲ್ಲಿ ತೊಗಟೆಯ ಮೇಲೆ ಅಂಗೈಯಗಲದ ಹಸಿ ಅಂಟು ಮೇಣದ ಹಾಗೆ ಇಳಿದಿತ್ತು.

"ಇದು ಯಾವಾಗಿಂದ?"

"ನನಗೇನು ಗೊತ್ತು? ಮುದುಕಿ ಅಂದ್ಮೇಲೆ ಸಿಂಬಳ ಸುರಿಯುತ್ತೆ," ಎಂದಳು ಹುಹಾನಾ.

ಗೊತ್ತಿತ್ತು. ಆ ಜಾಗವನ್ನು ಕಣ್ಣು ಕಟ್ಟಿ ಬಿಟ್ಟರೂ ಅವಳು ತೋರಿಸುತ್ತಿದ್ದಳು. ಮಗು ಹುಟ್ಟಿದ ಮೇಲೆ ಮಾಸನ್ನು ನೆಲಕ್ಕೆ ಕೊಡುವುದು ಅವಳ ಜನರ ಕಟ್ಟಳೆ. ಅವಳ ಕುಟುಂಬ ಏಳು ತಲೆಮಾರಿನಿಂದ ಅದನ್ನು ಹೂಳುತ್ತ ಬಂದದ್ದು ಮುದುಕಿಯ ಮೂಡಣ ಮಗ್ಗುಲಿನಲ್ಲಿ, ಮೊದಲ ಬಿಸಿಲು ಬೀಳುವಲ್ಲಿ. ರಾಹುಯಿ ಬಿದ್ದ ಮರುವರ್ಷ ಅವಳ ಮಗಳು ಬ್ರಿಸ್ಬೇನಿನಿಂದ ತವರಿಗೆ ಬಂದು ಹೆತ್ತಳು. ಮೊದಲ ಮೊಮ್ಮಗ. ಮನೆಯ ಹಿಂದಿನ ನಿಂಬೆ ಗಿಡದ ಬುಡಕ್ಕೆ ಹೂತೆನೆಂದು ಹುಹಾನಾ ಊರಿಗೆಲ್ಲ ಹೇಳಿದಳು. ಹೂತದ್ದು ಇಲ್ಲಿ. ಒಂದು ಮುಂಜಾನೆ ಗೇಟಿನ ಬೀಗವನ್ನು ತಾನೇ ತೆಗೆದು, ಬೂಟು ಕಳಚಿಟ್ಟು, ಹಳಬರು ಹೋಗುತ್ತಿದ್ದ ಹಾಗೆ ಬರಿಗಾಲಲ್ಲಿ, ಎರಡೂ ಹೊಳೆಯಲ್ಲಿ ಪಾದ ತೊಳೆದು ಬಂದಿದ್ದಳು. ರೋಗ ತರುವುದು ಹೊರಗಿನವರ ಬೂಟು, ಬರಿಗಾಲು ಈ ನೆಲದ್ದೇ ಅಲ್ಲವೇ ಎಂದುಕೊಂಡಿದ್ದಳು. ಕೈಯಲ್ಲಿದ್ದ ಸಲಿಕೆಯ ಕಡೆ ಲಕ್ಷ್ಯ ಹೋಗಿರಲಿಲ್ಲ. ಆಚೆ ಕಣಿವೆಯ ನೆಂಟರು ಗೆಣಸಿನ ಹೊಲಕ್ಕೆಂದು ಒಯ್ದು, ಹಿಂದಿನ ವಾರವಷ್ಟೇ ಮಣ್ಣು ಮೆತ್ತಿದ ಹಾಗೇ ತಂದು ಕೊಟ್ಟ ಸಲಿಕೆ ಅದು.

ಬ್ರಿಯೋನಿ ಮಣ್ಣನ್ನು ಚೀಲಕ್ಕೆ ತುಂಬಿ ಮೇಲೆ ಅಂಕಿ ಬರೆದಳು. ಹುಹಾನಾ ಆ ಅಂಟಿಗೆ ಬೆನ್ನು ಹಾಕಿ ನಿಂತಳು.

ಕಾಡಿನಿಂದಿಳಿದು ಬಂದಾಗ ಗೇಟಿನಾಚೆ ಒಂದು ಪಿಕಪ್ ಗಾಡಿ ನಿಂತಿತ್ತು. ಹಿಂದೆ ಬೋನಿನಲ್ಲಿ ನಾಲ್ಕು ಬೇಟೆನಾಯಿ. ಮುಂದೆ ಮೆರೆಯಾನಾ, ಹುಹಾನಾಳ ಸತ್ತ ತಮ್ಮನ ಮಗಳು, ಮಡಿಲಲ್ಲಿ ಆರು ವಾರದ ಹೆಣ್ಣು ಕೂಸು. ಅವಳ ಗಂಡ ರೆವಿ ತೆಂಕಣ ಕರಾವಳಿಯವನು, ಕಾಡುಹಂದಿ ಹೊಡೆದು ಮನೆ ನಡೆಸುವವನು. ಅವನನ್ನು ಕಂಡರೆ ಹುಹಾನಾಳಿಗೆ ಆಗುತ್ತಿರಲಿಲ್ಲ. ಅವನು ಗಾಡಿಯಿಂದ ಇಳಿಯಲಿಲ್ಲ. ಮೆರೆಯಾನಾ ಇಳಿದು ಬಂದು ಕೂಸನ್ನು ಹೆಗಲಿಗೆ ಹಾಕಿಕೊಂಡಳು.

"ಆಂಟಿ, ಆ ಬಿಳಿ ಹುಡುಗಿ ಹೋಗಬಹುದು, ನಾನು ಹೋಗಂಗಿಲ್ಲ. ಅಲ್ವಾ?"

"ಅವಳು ಮಣ್ಣು ತರೋಕೆ ಹೋದ್ಲು. ನೀನು ಮಣ್ಣು ಅಗೆಯೋಕೆ ಹೋಗ್ತೀಯ."

"ಫ್ರಿಜ್ಜಲ್ಲಿ ಎಷ್ಟು ದಿನ ಇಟ್ಕೊಳ್ಳಲಿ? ಒಂದು ಕಡೆ ಹಂದಿ ತೊಡೆ, ಇನ್ನೊಂದು ಕಡೆ ಐಸ್‌ಕ್ರೀಮ್ ಡಬ್ಬೀಲಿ ನನ್ನ ಮಗಳ ಮಾಸು. ಹೋದ ವಾರ ರೆವಿ ಅದನ್ನ ಹಂದಿ ಲಿವರು ಅಂದ್ಕೊಂಡು ನಾಯಿಗೆ ಅಂತ ಕರಗೋಕೆ ಇಟ್ಟಿದ್ದ."

"ನಿನ್ನ ಗಂಡನಿಗೆ ಅಷ್ಟೂ ಗೊತ್ತಾಗಲ್ಲ ಅಂದ್ರೆ ತಪ್ಪು ಫ್ರಿಜ್ಜಿಂದಲ್ಲ."

ಗಾಡಿಯೊಳಗಿಂದ ರೆವಿಯ ದನಿ ಬಂತು. "ಕೇಳಿಸ್ತಿದೆ ಆಂಟಿ."

"ಕೇಳಲಿ ಅಂತಲೇ ಹೇಳಿದ್ದು."

ಮೆರೆಯಾನಾಳ ಮುಖ ಕೆಂಪಾಯಿತು. "ನಿಂದು ಅಲ್ಲಿದೆ. ನಮ್ಮಪ್ಪಂದು ಅಲ್ಲಿದೆ. ನಂದು ಅಲ್ಲಿದೆ. ನನ್ನ ಮಗಳೇನು ಪಾಪ ಮಾಡಿದ್ಲು?"

"ತಡವಾಗಿ ಹುಟ್ಟಿದ್ಲು. ಅಷ್ಟೇ."

"ಕಲ್ಲು ಕಣೇ ನೀನು."

"ಕಲ್ಲಾಗಿರೋದಕ್ಕೇ ಮುದುಕಿ ಉಳಿದಿರೋದು. ನನ್ನ ಸ್ವಂತ ಮೊಮ್ಮಗಂದು ಎಲ್ಲಿ ಹೂತೆ? ನಿಂಬೆ ಗಿಡದ ಬುಡಕ್ಕೆ. ನೀನೇನು ನನಗಿಂತ ದೊಡ್ಡವಳಾ?"

ಮಾತು ಎಷ್ಟು ನುಣ್ಣಗೆ ಬಂತೆಂದರೆ ಹುಹಾನಾಳಿಗೇ ಅಸಹ್ಯವಾಯಿತು. ಮೆರೆಯಾನಾ ಗಾಡಿ ಹತ್ತಿ ಬಾಗಿಲು ಬಡಿದಳು. ಕೂಸು ಎದ್ದು ಚೀರತೊಡಗಿತು, ನಾಯಿಗಳೂ ದನಿಗೂಡಿಸಿದವು.

ಮೂರು ವಾರದ ಮೇಲೆ ಫಲಿತಾಂಶ ಬಂತು. ತಾಮಾತಿ ಅಂಕಲ್ ಸಭೆ ಕರೆದರು. ಬಾಗಿಲಲ್ಲಿ ಚಪ್ಪಲಿ ಬೂಟುಗಳ ರಾಶಿ. ಒಳಗೆ ಗೋಡೆಯುದ್ದಕ್ಕೂ ಸತ್ತವರ ಫೋಟೋ, ಕೆಳಗೆ ಚಾಪೆಯ ಮೇಲೆ ಬದುಕಿರುವವರು. ಪಕ್ಕದ ಅಡುಗೆಮನೆಯಿಂದ ಹಂದಿ ಮೂಳೆ ಸೊಪ್ಪು ಬೇಯುವ ವಾಸನೆ. ಬ್ರಿಯೋನಿ ಎದ್ದು ನಿಂತು ಕಾಗದ ಓದಿದಳು. ಎಂಟು ಜಾಗದಲ್ಲಿ ಏಳು ಸ್ವಚ್ಛ. ಮೂಡಣ ಮಗ್ಗುಲಿನದರಲ್ಲಿ ರೋಗವಿದೆ.

ಯಾರೋ ಮುದುಕಿಯೊಬ್ಬಳು ಹೆಣದ ಮುಂದೆ ಎತ್ತುವ ರಾಗವನ್ನು ಎತ್ತಿಯೇ ಬಿಟ್ಟಳು. ತಾಮಾತಿ ಅಂಕಲ್ ಕೋಲಿನಿಂದ ನೆಲ ಕುಟ್ಟಿದರು.

"ಇನ್ನೂ ಸತ್ತಿಲ್ಲ. ಬಾಯಿ ಮುಚ್ಚು." ಆಮೇಲೆ ಬ್ರಿಯೋನಿಯ ಕಡೆ ತಿರುಗಿದರು. "ಹೇಗೆ ಬಂತಮ್ಮ?"

"ಹೊರಗಿನ ಮಣ್ಣು ಬಿದ್ದಿದೆ. ಯಾರು ತಂದ್ರು ಅಂತ ನಮ್ಮ ಪರೀಕ್ಷೆ ಹೇಳಲ್ಲ."

"ಪರೀಕ್ಷೆ ಬೇರೆ ಬೇಕಾ?" ಎಂದ ಹುಹಾನಾಳ ದೊಡ್ಡಪ್ಪನ ಮಗ ಕಾಹು, ಹಲ್ಲಿಲ್ಲದ ಬಾಯಿ ಚಪ್ಪರಿಸಿ. "ನಾಲ್ಕು ನಾಯಿ ಹದಿನಾರು ಕಾಲು. ಊರೂರು ಸುತ್ತಿ ಬರ್ತಾವೆ. ಅವುಗಳ ಒಡೆಯ ಇಲ್ಲೇ ಕೂತಿದಾನೆ."

ಎಲ್ಲರ ಕಣ್ಣೂ ರೆವಿಯ ಮೇಲೆ. ಹುಹಾನಾ ತನ್ನ ಅಂಗೈ ನೋಡಿಕೊಂಡಳು. ಒಳಗೆ ಬಿಸಿ ಗಂಜಿ ಕುಡಿದಷ್ಟು ಹಿತವಾಯಿತು. ಎರಡೇ ನಿಮಿಷ ಸುಮ್ಮನಿದ್ದರೆ ಸಾಕು, ಉಳಿದದ್ದನ್ನು ಊರೇ ಮುಗಿಸುತ್ತದೆ. ಅಗೆದು ನೋಡುವವರಿಲ್ಲ. ಕಂಡವರಿಲ್ಲ. ಮಗಳಿಗೂ ಹೇಳಿಲ್ಲ.

ಮದುವೆಯಾಗಿ ಬಂದವನು, ಸಭಾಮನೆಯಲ್ಲಿ ಕೇಳದೆ ಬಾಯಿ ತೆರೆಯುವ ಹಕ್ಕು ರೆವಿಗಿರಲಿಲ್ಲ. ಆದರೂ ಎದ್ದು ನಿಂತ.

"ಕಾಹು ಅಂಕಲ್ ಹೇಳಿದ್ದು ನಿಜ. ಎರಡು ಚಳಿಗಾಲದ ಹಿಂದೆ ನನ್ನ ಕರಿ ಹೆಣ್ಣುನಾಯಿ ಹಂದಿ ಅಟ್ಟಿಸ್ಕೊಂಡು ಹೊರಗಿಂದ ಕಾಡಿಗೆ ನುಗ್ಗಿ ಎರಡನೇ ಹೊಳೆ ದಾಟ್ತು. ನಾನು ಹಗ್ಗ ಹಾರಿ ಹೋದೆ. ಮುದುಕಿ ಬುಡದಲ್ಲೇ ಹಿಡಿದೆ. ಬೂಟು ತೊಳೆದಿರ್ಲಿಲ್ಲ. ಯಾರಿಗೂ ಹೇಳಿಲ್ಲ, ಇವಳಿಗೂ ಹೇಳಿಲ್ಲ." ಮೆರೆಯಾನಾ ಗಂಡನನ್ನು ನೋಡಿದ ರೀತಿಗೆ ಪಕ್ಕದವರು ಸರಿದು ಕೂತರು. ಅವನು ಮುಂದುವರಿಸಿದ. "ನಾಳೆ ಬೆಳಗ್ಗೆ ನಾಲ್ಕು ನಾಯಿಗೂ ನಾನೇ ಗುಂಡು ಹಾಕ್ತೀನಿ. ಬೇರೆ ಯಾರೂ ಮುಟ್ಟಬೇಡಿ. ಆಮೇಲೆ ಊರು ಬಿಡು ಅಂದ್ರೆ ಬಿಡ್ತೀನಿ. ಇವಳನ್ನೂ ಕೂಸನ್ನೂ ಏನೂ ಅನ್ನಬೇಡಿ."

ಹುಹಾನಾಳಿಗೆ ಕರುಣೆಯೇನೂ ಬರಲಿಲ್ಲ, ಕೋಪ ಬಂತು. ಹಂದಿ ಮೂಸುವವನು, ಮಾಸಿಗೂ ಲಿವರಿಗೂ ವ್ಯತ್ಯಾಸ ತಿಳಿಯದವನು, ಪರ ಊರಿನವನು. ಅವನು ತನ್ನದಲ್ಲದ ತಪ್ಪನ್ನು ಅವಳ ಜನರ ಫೋಟೋಗಳ ಮುಂದೆ ಎದ್ದು ನಿಂತು ಒಪ್ಪಿಕೊಳ್ಳುತ್ತಿದ್ದಾನೆ. ನಲವತ್ತು ದಿನ ರಸ್ತೆಯಲ್ಲಿ ಮಲಗಿದವಳು ಅಂಗೈ ನೋಡಿಕೊಂಡು ಕೂತಿದ್ದಾಳೆ. ಇಂಥವನಿಗಿಂತ ಕೀಳಾಗಿ ಸಾಯುವುದು ಅವಳಿಂದಾಗದ ಕೆಲಸ.

"ಯಾವ ಮಗ್ಗುಲು?" ಎಂದಳು ಕೂತಲ್ಲಿಂದಲೇ.

"ಏನು ಆಂಟಿ?"

"ನಾಯಿ ಹಿಡಿದೆ ಅಂದ್ಯಲ್ಲ. ಮರದ ಯಾವ ಮಗ್ಗುಲಲ್ಲಿ?"

"ಹೊಳೆ ಕಡೆ. ಪಡುವಣ."

"ಮೂಡಣಕ್ಕೆ ಹೋದ್ಯಾ?"

"ಇಲ್ಲ. ಅಲ್ಲಿ ನಿಮ್ಮದೆಲ್ಲ ಇದೆ ಅಂತ ಇವಳು ಹೇಳಿದ್ಲು. ಆ ಕಡೆ ಹೆಜ್ಜೆ ಇಡಬಾರದು ಅಂತ ನಾಯಿನ ಎತ್ತಿಕೊಂಡು ಬಂದೆ."

"ಹಾಗಾದ್ರೆ ಕೂತ್ಕೋ, ಮುಟ್ಠಾಳ. ನಾಯಿಗೆ ಯಾಕೆ ಗುಂಡು ಹಾಕ್ತೀಯ?" ಹುಹಾನಾ ನೆಲಕ್ಕೆ ಕೈಯೂರಿ ಎದ್ದಳು. ಮೊಣಕಾಲು ಲಟಕ್ಕೆಂದಿತು. "ಮೂಡಣ ಮಗ್ಗುಲು ನಂದು. ಮೊಮ್ಮಗಂದು ನಿಂಬೆ ಗಿಡದ ಕೆಳಗಿಲ್ಲ. ಅಲ್ಲಿದೆ. ಬೀಗ ನಾನೇ ತೆಗೆದೆ, ನಾನೇ ಅಗೆದೆ. ಬರಿಗಾಲಲ್ಲಿ ಹೋಗಿದ್ದೆ, ಏನೂ ಆಗಲ್ಲ ಅಂದ್ಕೊಂಡೆ."

ಮೊದಲು ಕೇಳಿದವನು ಕಾಹು.

"ಬರಿಗಾಲು ಸರಿ. ಸಲಿಕೆನೂ ಬರಿಗಾಲಲ್ಲಿ ಬಂದಿತ್ತಾ?"

"ಸಲಿಕೆ ಆಚೆ ಕಣಿವೆಯಿಂದ ಬಂದಿತ್ತು. ಮಣ್ಣು ಮೆತ್ತಿಕೊಂಡೇ."

ಬ್ರಿಯೋನಿ ಕಣ್ಣು ಮುಚ್ಚಿಕೊಂಡಳು. ಅವಳಿಗೆ ಇನ್ನೇನೂ ಕೇಳಬೇಕಿರಲಿಲ್ಲ.

ಆಮೇಲೆ ಎಲ್ಲರ ಬಾಯಿಯೂ ಒಟ್ಟಿಗೆ ತೆರೆಯಿತು. ಕಳ್ಳಿ ಅಂದರು, ಎರಡು ನಾಲಿಗೆಯವಳು ಅಂದರು. ಪಾದ್ರಿಯ ಕಾಲು ತೊಳೆಸಿದವಳ ಕಾಲು ತೊಳೆಯುವವರಿರಲಿಲ್ಲವೇ ಅಂದರು. ಅವಳ ಗಂಡ ಬೇಗ ಸತ್ತು ಪುಣ್ಯ ಮಾಡಿದ ಅಂದಳು ಒಬ್ಬಳು. ಹುಹಾನಾ ನಿಂತೇ ಕೇಳಿದಳು. ಬೈಗುಳ ಅವಳ ಕಸುಬು, ಅದರ ತೂಕ ಗೊತ್ತಿತ್ತು, ಅಷ್ಟಾಗಿ ನೋಯಲಿಲ್ಲ. ನೋಯಿಸಿದ್ದು ಮೆರೆಯಾನಾ. ಅವಳು ಕೂಸನ್ನು ಗಂಡನ ತೋಳಿಗೆ ಹಾಕಿ ಎದುರಿಗೆ ಬಂದು ನಿಂತಳು. ದನಿ ಏರಿಸಲಿಲ್ಲ.

"ಮೂರು ವರ್ಷ ನಿಂಬೆ ಷರಬತ್ತು ಕುಡಿಸಿದೀಯ ನನಗೆ. ಹುಡುಗನ ಗಿಡದ್ದು, ಕುಡಿ, ನಿನಗೂ ಕೂಸಾಗುತ್ತೆ ಅಂತ. ನಾನು ನಂಬಿ ಕುಡಿದೆ."



ತಾಮಾತಿ ಅಂಕಲ್ ಕೋಲು ಕುಟ್ಟಿದರು. ಅವರಿಗೆ ಉಸಿರು ಸಾಲುತ್ತಿರಲಿಲ್ಲ, ಮಾತು ತುಂಡು ತುಂಡಾಗಿ ಬಂತು. "ಕೀಲಿ ಇಲ್ಲಿಡು. ಒಂದು ವರ್ಷ ಈ ಮನೇಲಿ ನಿನಗೆ ಮಾತಿಲ್ಲ. ಅಡುಗೆಮನೇಲಿರು. ಪಾತ್ರೆ ತೊಳಿ. ಕಾಡು ನಿನಗೆ ಬಂದ್. ಒಂದು ವರ್ಷಕ್ಕಲ್ಲ. ನೀನು ಇರೋವರೆಗೂ."

"ಅಂಕಲ್, ಮುದುಕಿಗೆ ಔಷಧ ಹಾಕೋರಿಗೆ ದಾರಿ ತೋರಿಸೋಕಾದ್ರೂ..."

"ಮಾತಿಲ್ಲ ಅಂದೆ."

ಅವಳು ಕೊರಳ ದಾರ ಬಿಚ್ಚಿ ಕೀಲಿಯನ್ನು ಚಾಪೆಯ ಮೇಲಿಟ್ಟಳು. ಅದನ್ನು ಎತ್ತಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಶನಿವಾರಗಳನ್ನೆಲ್ಲ ಪರರ ಬೈಗುಳ ತಿನ್ನುತ್ತ ಕಳೆಯುವ ಕೆಲಸ ಯಾರಿಗೆ ಬೇಕು? ಕಾಹು ಸೊಂಟ ನೋವೆಂದ. ಇನ್ನೊಬ್ಬನಿಗೆ ಹಾಲಿನ ಡೇರಿಯ ಕೆಲಸ. ಕೊನೆಗೆ ಮೆರೆಯಾನಾ ಬಗ್ಗಿ ಎತ್ತಿಕೊಂಡಳು.

"ಒಂದು ಮಾತು ಮೊದಲೇ ಹೇಳ್ತೀನಿ," ಎಂದಳು ಸಭೆಗೆ. "ನನ್ನ ಮಗಳದು ನಮ್ಮ ಮನೆ ಅಂಗಳದಲ್ಲಿ ಹೂಳ್ತೀನಿ. ಇವಳ ಹಾಗೆ ಬಾಯಲ್ಲಿ ಅಲ್ಲ, ಹಗಲಲ್ಲಿ, ಎಲ್ಲರೂ ಬನ್ನಿ, ನೋಡಿ. ಇನ್ಮೇಲೆ ಯಾರಾದ್ರೂ ಏಳು ತಲೆಮಾರು, ಎಂಟು ತಲೆಮಾರು ಅಂತ ಗೇಟಿಗೆ ಬಂದ್ರೆ ನಾಯಿ ಬಿಡ್ತೀನಿ. ನಾಯಿ ಉಳಿದಿದಾವಲ್ಲ."

ಯಾರೋ ನಕ್ಕರು. ಅವಳು ನಗಲಿಲ್ಲ.

ಮಾಸು ಹೂಳುವ ದಿನ ಊರೆಲ್ಲ ಹೋಯಿತು. ಹುಹಾನಾಳಿಗೆ ಕರೆ ಬರಲಿಲ್ಲ. ಅವರು ಮರಳಿ ಬಂದು ತಿಂದು ಬಿಟ್ಟ ತಟ್ಟೆಗಳು ಮಾತ್ರ ಬಂದವು, ನೂರ ಹತ್ತು. ಆಷಾಢದಂಥ ಗಾಳಿ ಕಿಟಕಿ ಬಡಿಯುತ್ತಿತ್ತು. ಮಗಳು ಬ್ರಿಸ್ಬೇನಿನಿಂದ ಫೋನು ಮಾಡಿ ಅತ್ತಳು, ಆಮೇಲೆ ಬೈದಳು, ಆಮೇಲೆ ಫೋನು ಮಾಡುವುದನ್ನೇ ಬಿಟ್ಟಳು. ರೆವಿ ಒಂದು ದಿನ ಹಿಂಬಾಗಿಲಲ್ಲಿ ಹಂದಿ ತೊಡೆಯೊಂದನ್ನು ಹೇಳದೆ ಕೇಳದೆ ಇಟ್ಟು ಹೋದ. ಅವಳು ಅದನ್ನು ಸಭಾಮನೆಯ ಪಾತ್ರೆಗೆ ಹಾಕಿದಳು, ತಾನು ತಿನ್ನಲಿಲ್ಲ. ಅವನ ಉಪಕಾರ ನುಂಗುವಷ್ಟು ಅವಳ ಗಂಟಲು ಇನ್ನೂ ಮೆತ್ತಗಾಗಿರಲಿಲ್ಲ.

ಆಗಸ್ಟಿನಲ್ಲಿ ಬ್ರಿಯೋನಿಯ ತಂಡ ಔಷಧ ಹಿಡಿದು ಬಂತು. ಮೆರೆಯಾನಾ ದಾರಿ ತೋರಿಸಲು ಹೋದಳು. ಎರಡು ದಿನ ಹೋಗಿ ಬಂದರು. ಎರಡನೇ ದಿನ ಸಂಜೆ ಊಟ ಮುಗಿಸಿದ ಮೆರೆಯಾನಾ ತಟ್ಟೆ ತಂದು ತೊಟ್ಟಿಯ ಪಕ್ಕ ಇಟ್ಟಳು. ಅವಳ ಮುಂಗೈಯೆಲ್ಲ ಬಳ್ಳಿ ಗೀರಿದ ಗಾಯ. ಅಡುಗೆಮನೆಯಲ್ಲಿ ಮಾತಾಡಬಾರದೆಂದು ತಾಮಾತಿ ಅಂಕಲ್ ಹೇಳಿರಲಿಲ್ಲ.

"ಎಷ್ಟು ಚುಚ್ಚಿದ್ರು?" ಎಂದಳು ಹುಹಾನಾ, ನೊರೆಯಿಂದ ಕೈ ತೆಗೆಯದೆ.

"ಮೂವತ್ತೈದು ಸಿರಿಂಜು. ಸುತ್ತಲೂ ತೂತು ಕೊರೆದು."

"ಅಂಟು?"

"ಎರಡು ಗೇಣು ಮೇಲೇರಿದೆ."

"ನೆತ್ತಿ?"

"ಮೂಡಣದ ಕೊಂಬೆ ಹಳದಿ ತಿರುಗಿದೆ. ಉಳಿದದ್ದು ಹಸಿರು." ಮೆರೆಯಾನಾ ಹೊರಡಲು ತಿರುಗಿದವಳು ನಿಂತಳು. "ಉಳಿಯುತ್ತೋ ಇಲ್ವೋ ಹೇಳೋಕೆ ಐದು ವರ್ಷ ಬೇಕಂತೆ."

ಹುಹಾನಾ ಒಂದು ತಟ್ಟೆ ತೊಳೆದು ಇಟ್ಟಳು, ಇನ್ನೊಂದಕ್ಕೆ ಕೈ ಹಾಕಿದಳು.

"ಆಚೆ ಗುಡ್ಡದ ಮೇಲೆ ನಿಂತ್ರೆ ನೆತ್ತಿ ಕಾಣುತ್ತೆ. ಅದು ರಾಹುಯಿ ಗಡಿಯಿಂದ ಬರೀ ಹತ್ತು ಮಾರು ಒಳಗೆ. ಕಾಡಿಗೂ ಇಳಿಯಲ್ಲ, ಬುಡಕ್ಕೂ ಹೋಗಲ್ಲ. ದೂರದಿಂದ ಒಂದು ಸಲ."

"ಇಲ್ಲ."

"ಒಂದೇ ಒಂದು ಸಲ, ಮೆರೆಯಾನಾ."

"ಇಲ್ಲ ಅಂದ್ನಲ್ಲ. ಹತ್ತು ಮಾರು ಬಿಡು, ಒಂದು ಮಾರೂ ಬಿಡಲ್ಲ."

ಹುಹಾನಾ ತಲೆಯೆತ್ತಿ ಅವಳ ಮುಖ ನೋಡಿದಳು. ಕೆನ್ನೆಯಲ್ಲಾಗಲಿ ಕಣ್ಣಿನಲ್ಲಾಗಲಿ ಒಂದಿಷ್ಟೂ ಸಡಿಲವಿರಲಿಲ್ಲ. ಬೇಡಿದರೂ ಅಷ್ಟೇ, ಅತ್ತರೂ ಅಷ್ಟೇ.

"ಸರಿ," ಎಂದಳು. "ನಾನಾಗಿದ್ರೂ ಬಿಡ್ತಿರಲಿಲ್ಲ."

"ನೀನು ಬಿಟ್ಟಿದ್ದೆ," ಎಂದಳು ಮೆರೆಯಾನಾ. "ನಿನ್ನನ್ನೇ."

ಬಾಗಿಲು ಮುಚ್ಚಿತು. ತೊಟ್ಟಿಯಲ್ಲಿ ಇನ್ನೂ ಅರವತ್ತು ತಟ್ಟೆಗಳಿದ್ದವು.